ಕೈ ಮುಗಿಯದವನು

ಶಿಷ್ಯ ಕೇಳಿದ: "ಗುರುಗಳೇ, ಅಹಂಕಾರಿಯ ಜೊತೆ ಹೇಗೆ ನಡೆದುಕೊಳ್ಳಬೇಕು? ನಮ್ಮ ಮಠದ ಅಡುಗೆಯ ಮಹಾಲಿಂಗ ಈ ದಿನ ಸಾರಿನ ಕೊಳಗ ಹಿಡಿದು ಬರುತ್ತಿದ್ದ. ನಾನೇ ಬಾಗಿಲಲ್ಲಿ ನಿಂತು ಕೈ ಮುಗಿದೆ. ಅವನು ತಿರುಗಿ ಕೈ ಮುಗಿಯಲಿಲ್ಲ. 'ಪಕ್ಕಕ್ಕೆ ಸರೀರಿ' ಎಂದ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ಅಣ್ಣನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಅಣ್ಣನಿಗೆ ಇನ್ನೂ ಎಚ್ಚರವಿರಲಿಲ್ಲ, ತಾನಾಗಿ ಉಸಿರಾಡುವ ಶಕ್ತಿಯೂ ಇರಲಿಲ್ಲ. ಅವನನ್ನು ಗಾಲಿಮಂಚದಲ್ಲಿ ಐಸಿಯುಗೆ ಸಾಗಿಸುತ್ತಿದ್ದರು. ಆಸ್ಪತ್ರೆಯ ನೌಕರನೊಬ್ಬ ಒಂದು ಕೈಯಲ್ಲಿ ಅವನ ಬಾಯಿಯ ನಳಿಕೆ ಅಲುಗದಂತೆ ಹಿಡಿದು, ಇನ್ನೊಂದು ಕೈಯಲ್ಲಿ ರಬ್ಬರಿನ ಗಾಳಿಚೀಲ ಒತ್ತುತ್ತ ಪಕ್ಕದಲ್ಲೇ ನಡೆಯುತ್ತಿದ್ದ.

ವ್ಯಾಪಾರಿ ಮರ್ಯಾದಸ್ಥ. ಡಾಕ್ಟರಿಗೆ ಕೈ ಮುಗಿದ, ಅವರೂ ಮುಗಿದರು. ನರ್ಸಿಗೆ ಮುಗಿದ, ಆಕೆಯೂ ಮುಗಿದಳು. ಮಂಚ ತಳ್ಳುವವನು ಕೂಡ ತಲೆಬಾಗಿಸಿದ. ಚೀಲದವನು ಮಾತ್ರ ಕಣ್ಣೆತ್ತಲಿಲ್ಲ. ವ್ಯಾಪಾರಿ ಓಡಿ ಮುಂದೆ ಹೋಗಿ ಮತ್ತೆ ಮುಗಿದ. ಊಹೂಂ. ಅವನಿಗೆ ಮೈ ಉರಿದುಹೋಯಿತು. ಹೋಗಿ ಲಿಫ್ಟಿನ ಬಾಗಿಲಿಗೇ ಅಡ್ಡ ನಿಂತ.

"ಏನಯ್ಯಾ, ಇಡೀ ಪೇಟೆ ನನಗೆ ಕೈ ಮುಗಿಯುತ್ತೆ. ನಿನ್ನ ಕೈಗೇನು ಬಂದಿದೆ?"

ನೌಕರ ಚೀಲ ಒತ್ತುತ್ತಲೇ ಹೇಳಿದ: "ಮುಗಿಯೋಣ ಯಜಮಾನ್ರೇ. ಆದರೆ ನಾನು ಕೈ ಮುಗಿಯೋ ಅಷ್ಟು ಹೊತ್ತು ನಿಮ್ಮ ಅಣ್ಣ ಉಸಿರಾಡೋದಿಲ್ಲ. ಆಗಬಹುದಾ?"

ವ್ಯಾಪಾರಿ ಒಂದೇ ನೆಗೆತಕ್ಕೆ ಗೋಡೆಗೆ ಅಂಟಿಕೊಂಡ. ಲಿಫ್ಟಿನಲ್ಲಿ ಅವನ ಕಣ್ಣು ಆ ಚೀಲ ಬಿಟ್ಟು ಕದಲಲಿಲ್ಲ. ಚೀಲ ಒತ್ತಿದಾಗಲೆಲ್ಲ ತಾನೂ ಎದೆಯುಬ್ಬಿಸಿ ಉಸಿರೆಳೆದುಕೊಂಡ. ನಾಲ್ಕನೆಯ ಮಹಡಿ ಬರುವಷ್ಟರಲ್ಲಿ ಅವನಿಗೇ ತಲೆ ತಿರುಗಿತು. ನರ್ಸು ಅವನನ್ನೂ ಒಂದು ಕುರ್ಚಿಯಲ್ಲಿ ಕೂರಿಸಬೇಕಾಯಿತು.

ಐಸಿಯುನಲ್ಲಿ ಅಣ್ಣನ ಉಸಿರನ್ನು ಯಂತ್ರಕ್ಕೆ ಒಪ್ಪಿಸಿ ನೌಕರ ಹೊರಗೆ ಬಂದ. ಬೆರಳು ಮಡಚಿ ಬಿಡಿಸಿದ. ನೆನಪಿಟ್ಟುಕೊಂಡು ವ್ಯಾಪಾರಿಯ ಮುಂದೆ ನಿಂತು ಎರಡೂ ಕೈ ಮುಗಿದ. ವ್ಯಾಪಾರಿ ತಿರುಗಿ ಮುಗಿಯಲಿಲ್ಲ. ಆ ಎರಡು ಕೈಗಳನ್ನೂ ಬಿಗಿಯಾಗಿ ಹಿಡಿದುಕೊಂಡು ಅಳುತ್ತಿದ್ದ.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅದು ಪ್ರಾಣದ ವಿಷಯ ಗುರುಗಳೇ. ಇದು ಬರೀ ಸಾರು" ಎಂದ.

ಗುರುಗಳು ಅವನ ಬರಿಗಾಲುಗಳನ್ನು ನೋಡಿ ಕೇಳಿದರು: "ಸಾರು ಕುದಿಯುತ್ತಿತ್ತೇ?"

ಶಿಷ್ಯ ಮೆಲ್ಲಗೆ ಕಾಲು ಹಿಂದಕ್ಕೆಳೆದುಕೊಂಡ.