ಲೋಕಮ್ಮನ ಮಗಳ ಕಾರ್ಡು, ದಾಕ್ಷಾಯಿಣಮ್ಮನ ಡ್ರೈವರು

ಅರಸೀಕೆರೆಯಲ್ಲಿ ರೈಲ್ವೆ ಗೇಟು ದಾಟಿ ಎಡಕ್ಕೆ ತಿರುಗಿದರೆ ಮೂರನೇ ಮನೆ ದಾಕ್ಷಾಯಿಣಮ್ಮನದು. ಗಂಡ ತೀರಿಕೊಂಡು ಹನ್ನೆರಡು ವರ್ಷ. ಬೆಳಗಿನ ಹೊತ್ತು ಕೋರ್ಟಿನ ಮುಂದೆ ಕೂತು ಅರ್ಜಿ ಟೈಪ್ ಮಾಡುತ್ತಿದ್ದಳು. ಮಧ್ಯಾಹ್ನ ಮನೆಗೆ ಬಂದು ಕಂಪ್ಯೂಟರಿನಲ್ಲಿ ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು ತಯಾರು ಮಾಡಿ ಪ್ರೆಸ್ಸಿಗೆ ಕಳಿಸುತ್ತಿದ್ದಳು. ದಾಕ್ಷಾಯಿಣಮ್ಮನ ಕಾರ್ಡಿನಲ್ಲಿ ಒಂದು ಅಕ್ಷರ ತಪ್ಪಿರುವುದಿಲ್ಲ ಅಂತ ಊರಲ್ಲಿ ಹೆಸರಿತ್ತು.

ಅವಳಿಗೆ ಒಬ್ಬನೇ ಮಗ, ಮರುಳಸಿದ್ದ. ಹರಕೆ ಹೊತ್ತು ಹೆತ್ತ ಮಗ ಅಂತ ದೇವರ ಹೆಸರಿಟ್ಟಿದ್ದಳು. ಊರಿನವರು ಅರ್ಧ ಸಾಕು ಅಂತ ಮರುಳ ಅನ್ನುತ್ತಿದ್ದರು. ಇಪ್ಪತ್ತಾರು ವರ್ಷದ ಗಟ್ಟಿಮುಟ್ಟಾದ ಆಳು. ಸುಳ್ಳು ಗೊತ್ತಿಲ್ಲ, ಕಳ್ಳತನ ಗೊತ್ತಿಲ್ಲ, ಸೋಮಾರಿತನವಂತೂ ಗೊತ್ತೇ ಇಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ ಹಾಗೇ ಮಾಡುತ್ತಿದ್ದ. ಇದೊಂದೇ ಅವನ ದೋಷ. ಹಾಲು ಉಕ್ಕೀತು, ನೋಡ್ತಾ ಇರು ಅಂದರೆ ಉಕ್ಕುವ ತನಕ ನೋಡಿ, ಉಕ್ಕಿತು ಅಂತ ಬಂದು ಹೇಳುತ್ತಿದ್ದ. ದಾಕ್ಷಾಯಿಣಮ್ಮ ಹಣೆ ಚಚ್ಚಿಕೊಳ್ಳುವಳು, ಬೈಯುವಳು, ಹೀಗಲ್ಲ ಹಾಗೆ ಅಂತ ಬುದ್ಧಿ ಹೇಳುವಳು. ಮರುಳಸಿದ್ದ ಹೂಂ ಅನ್ನುವನು. ಹೂಂ ಅಂದ ಮೇಲೆ ಮಾಡದೆ ಬಿಡುವವನಲ್ಲ.

ಹಿಂದಿನ ಬೀದಿಯ ಲೋಕಮ್ಮನ ಮಗಳಿಗೆ ಎರಡು ಸಲ ಗಂಡು ಗೊತ್ತಾಗಿ ಎರಡು ಸಲವೂ ಮುರಿದುಬಿದ್ದಿತ್ತು. ಎರಡು ಸಲವೂ ಕಾರ್ಡು ಅಚ್ಚಾಗುವ ಮೊದಲೇ. ಈಗ ಮೂರನೇ ಸಂಬಂಧ ಕೂಡಿಬಂದಿತ್ತು. ಕಾರ್ಡು ಅಚ್ಚಾಗಿಬಿಟ್ಟರೆ ಮದುವೆ ಆದ ಹಾಗೇ ಅನ್ನುವುದು ಲೋಕಮ್ಮನ ಮನಸ್ಸಿಗೆ ಹೊಕ್ಕುಬಿಟ್ಟಿತ್ತು. ಅದು ಕೈಗೆ ಬರುವ ತನಕ ತನಗೆ ಅನ್ನ ಸೇರುವುದಿಲ್ಲ ಅಂತ ದಾಕ್ಷಾಯಿಣಮ್ಮನ ಮುಂದೆ ಕಣ್ಣೀರು ಹಾಕಿದಳು. ಶುಕ್ರವಾರ ಪ್ರೆಸ್ಸಿಗೆ ಕಳಿಸಿಯೇ ಕಳಿಸುತ್ತೇನೆ ಅಂತ ದಾಕ್ಷಾಯಿಣಮ್ಮ ಮಾತು ಕೊಟ್ಟಳು.

ಸೋಮವಾರ ಅಕ್ಷರವೆಲ್ಲ ಕೂಡಿಸಿ ಒಂದು ಕರಡು ಪ್ರತಿ ತೆಗೆದಳು. ಬಣ್ಣ ತುಂಬುವುದು, ಬಳ್ಳಿ ಬಿಡಿಸುವುದು ಬಾಕಿ. ಅಷ್ಟರಲ್ಲಿ ಕಂಪ್ಯೂಟರು ತನಗೆ ತಾನೇ ಅಪ್‌ಡೇಟ್ ಆಗುತ್ತೇನೆ ಅಂತ ಹೊರಟಿತು. ಆಗಿ ಮುಗಿದ ಮೇಲೆ ನೋಡಿದರೆ ಪರದೆಯ ಮೇಲೆ ಒಂದೊಂದು ಅಕ್ಷರವೂ ಇಟ್ಟಿಗೆಯಷ್ಟು ದಪ್ಪ. ಕೆಂಪು ಕೆಂಪಲ್ಲ, ಹಸಿರು ಹಸಿರಲ್ಲ. ಕಾರ್ಡು ಮಾಡುವ ಸಾಫ್ಟ್‌ವೇರ್ ತೆರೆಯಲೇ ಇಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಅಲ್ತಾಫನಿಗೆ ಫೋನು ಮಾಡಿದಳು. ಅವನು ಕೇಳಿಸಿಕೊಂಡು, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಡ್ರೈವರ್ ಅನ್ನೋ ಸಾಫ್ಟ್‌ವೇರ್ ಹೋಗಿದೆ, ಅದೊಂದು ಬಂದರೆ ಎಲ್ಲ ಸರಿಹೋಗುತ್ತೆ ಅಂದ.

ಮಂಗಳವಾರ ಕೋರ್ಟಿಗೆ ಹೊರಡುವಾಗ ದಾಕ್ಷಾಯಿಣಮ್ಮ ಮಗನನ್ನು ಕರೆದು, ಕಂಪ್ಯೂಟರಿಗೆ ಡ್ರೈವರ್ ಇಲ್ಲವಂತೆ, ಬಸ್‌ಸ್ಟ್ಯಾಂಡಿಗೆ ಹೋಗಿ ಅಲ್ತಾಫನ್ನ ಕೇಳಿ ಒಂದು ಡ್ರೈವರ್ ಕರ್ಕೊಂಡೋ ಹೊತ್ಕೊಂಡೋ ಹೇಗಾದರೂ ತಗೊಂಡು ಬಾ ಅಂದಳು. ಮರುಳಸಿದ್ದ ಹೂಂ ಅಂದ. ಹೋದ. ಅಲ್ತಾಫನ ಅಂಗಡಿ ಇನ್ನೂ ಬಾಗಿಲು ತೆಗೆದಿರಲಿಲ್ಲ. ಆದರೆ ಎದುರಿಗೇ ಟೆಂಪೋ ಸ್ಟ್ಯಾಂಡು, ಅಲ್ಲಿ ಐದು ಜನ ಡ್ರೈವರುಗಳು ಬಾಡಿಗೆಯಿಲ್ಲದೆ ಕೂತಿದ್ದರು. ಇಷ್ಟು ಜನ ಇಲ್ಲೇ ಇರುವಾಗ ಅಂಗಡಿಯವನನ್ನು ಯಾಕೆ ಕಾಯಬೇಕು ಅಂತ ಮರುಳಸಿದ್ದ ಅವರಲ್ಲೇ ಹಳಬ ಯಾರು ಅಂತ ವಿಚಾರಿಸಿದ. ಕೆಂಚಪ್ಪ ಅನ್ನುವವನು ಮೂವತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದ. ಅವನನ್ನೇ ಕರೆತಂದ.

ಎರಡು ಗಂಟೆಗೆ ದಾಕ್ಷಾಯಿಣಮ್ಮ ಮನೆಗೆ ಬಂದರೆ ಅವಳ ಪಾಲಿನ ಮುದ್ದೆ ಉಂಡು ಮುಗಿಸಿದ ಕೆಂಚಪ್ಪ ಕಂಪ್ಯೂಟರಿನ ಮುಂದೆ ಕುರ್ಚಿಯಲ್ಲಿ ಕೂತಿದ್ದ. ಎದ್ದು ನಿಂತು ಬಹಳ ಮರ್ಯಾದೆಯಿಂದ ಹೇಳಿದ.

"ಅಮ್ಮಾರೆ, ಲಾರಿ ಓಡಿಸಿದೀನಿ, ಟ್ರಾಕ್ಟರ್ ಓಡಿಸಿದೀನಿ. ಈ ಗಾಡಿ ಮಾತ್ರ ಕಂಡಿಲ್ಲ. ಬ್ರೇಕ್ ಎಲ್ಲಿದೆ ತೋರಿಸಿಬಿಟ್ರೆ ಪ್ರಯತ್ನ ಮಾಡ್ತೀನಿ."

ಅವನಿಗೆ ಕೈ ಮುಗಿದು ಕಳಿಸಿ ಬಾಗಿಲು ಹಾಕಿಕೊಂಡು ದಾಕ್ಷಾಯಿಣಮ್ಮ ಮಗನಿಗೆ ಮನಸಾರೆ ಬೈದಳು. ಈ ಡ್ರೈವರ್ ಮನುಷ್ಯ ಅಲ್ಲ ಕಣೋ, ಪೆನ್‌ಡ್ರೈವಿನ ಒಳಗೆ ಬರುತ್ತೆ, ಇನ್ನು ಮೇಲೆ ಕಂಪ್ಯೂಟರ್ ವಿಷಯಕ್ಕೆ ಅಂತ ಒಬ್ಬ ಮನುಷ್ಯನನ್ನ ಈ ಹೊಸಲು ದಾಟಿಸಿದರೆ ನೋಡು ಅಂದಳು. ಮರುಳಸಿದ್ದ ಹೂಂ ಅಂದ.

ಮಾರನೆಯ ದಿನ ಅಲ್ತಾಫನೇ ಬಂದ. ದಾಕ್ಷಾಯಿಣಮ್ಮ ಕೋರ್ಟಿನಿಂದಲೇ ಫೋನು ಮಾಡಿ, ಒಂದು ಹೆಣ್ಣುಮಗಳ ಮದುವೆ ಪ್ರಶ್ನೆ ಅಂತ ಗೋಗರೆದಿದ್ದಳು. ಪಾಪ, ಅವನು ಅಂಗಡಿ ಬಾಗಿಲು ಎಳೆದುಕೊಂಡು ಬ್ಯಾಗು ಹೆಗಲಿಗೇರಿಸಿ ಬೈಕಿನಲ್ಲಿ ಬಂದಿದ್ದ. ಮರುಳಸಿದ್ದ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ. ಮನುಷ್ಯರನ್ನ ಸೇರಿಸಬಾರದು ಅಂತ ಅಮ್ಮ ಹೇಳಿದ್ದಾಳೆ ಅಂದ. ನಾನೇ ಕಣೋ ಅಲ್ತಾಫ್, ನಿಮ್ಮಮ್ಮನೇ ಕರೆದದ್ದು ಅಂದರೂ ಕೇಳಲಿಲ್ಲ.

"ಪೆನ್‌ಡ್ರೈವಿನ ಒಳಗೆ ಬರೋದಾದ್ರೆ ಬಾ ಅಲ್ತಾಫಣ್ಣ," ಅಂದ. "ಹೀಗೆ ಬಂದ್ರೆ ಆಗಲ್ಲ."

ಅಲ್ತಾಫ್ ಗಡಿಯಾರ ನೋಡಿಕೊಂಡ. ಆಮೇಲೆ ಬೈಕು ತಿರುಗಿಸಿದ. ಅವನಿಗೆ ಅವತ್ತೇ ಒಂದು ಹಳ್ಳಿ ಶಾಲೆಗೆ ಹತ್ತು ಕಂಪ್ಯೂಟರು ಕೂರಿಸಲು ಹೋಗುವುದಿತ್ತು. ಇನ್ನು ಶನಿವಾರದ ತನಕ ಊರಿಗೆ ಬರುವ ಹಾಗಿರಲಿಲ್ಲ.

ವಿಷಯ ತಿಳಿದು ದಾಕ್ಷಾಯಿಣಮ್ಮ ಬೈಯಲು ಶುರುಮಾಡಿದಳು. ಶುರುಮಾಡಿದ ಮೇಲೆ ನಿಲ್ಲಲಿಲ್ಲ. ಕೊನೆಗೆ, ನಮಗೆ ಸಹಾಯ ಮಾಡೋಕೆ ಅಂತ ಬಂದವರಿಗೆ ಇಲ್ಲ ಅನ್ನಬಾರದು, ಅವರು ಏನು ಕೇಳಿದರೂ ಆಗಲಿ ಅನ್ನಬೇಕು, ತಿಳೀತಾ ಅಂದಳು. ತಿಳಿಯಿತು ಅಂದ ಮರುಳಸಿದ್ದ.

ಗುರುವಾರ ಬೆಳಗ್ಗೆ ಅವಳೇ ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ಯಾವ ಕಾರ್ಡಿಗಾದರೂ ಡ್ರೈವರ್ ಹುಡುಕಿ ಹಾಕಿಕೊಡುತ್ತೇವೆ, ನಿಮಗೆ ಸಹಾಯ ಮಾಡುವುದೇ ನಮ್ಮ ಕೆಲಸ ಅಂತ ಯಾವುದೋ ಒಂದು ಪುಟ ಸಿಕ್ಕಿತು. ಡೌನ್‌ಲೋಡಿಗೆ ಒತ್ತಿದಳು. ಕೋರ್ಟಿಗೆ ಹೊತ್ತಾಗಿತ್ತು. ಪೂರ್ತಿ ಇಳಿಯುವ ತನಕ ನೋಡಿಕೊಂಡಿರು ಅಂತ ಮಗನನ್ನು ಕೂರಿಸಿ ಹೊರಟಳು.

ಪರದೆ ಕೇಳಿತು, ಇದರ ಜೊತೆ ಇನ್ನೊಂದು ಹಾಕಲೇ? ಮರುಳಸಿದ್ದ ಬಾಯಲ್ಲೂ ಆಗಲಿ ಅಂದ, ಮೌಸಿನಲ್ಲೂ ಒತ್ತಿದ. ಮತ್ತೆ ಕೇಳಿತು, ಮೊದಲ ಪುಟ ಬದಲಿಸಲೇ? ಆಗಲಿ ಅಂದ. ದಿನಾ ಸುದ್ದಿ ಕಳಿಸಲೇ? ಆಗಲಿ. ಆಟ ಬೇಕೇ? ಅದೂ ಆಗಲಿ. ಅಷ್ಟು ವಿನಯದಿಂದ ಅವನನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಅವನಿಗೆ ಬಹಳ ಸಂತೋಷವಾಯಿತು.

ದಾಕ್ಷಾಯಿಣಮ್ಮ ಬರುವ ಹೊತ್ತಿಗೆ ಪರದೆಯ ತುಂಬ ಬೋಳುತಲೆಗೆ ಹಚ್ಚುವ ಎಣ್ಣೆ, ಜಾತಕ, ಇಸ್ಪೀಟು. ಒಂದು ಮೂಲೆಯಲ್ಲಿ ಕೋತಿಯೊಂದು ಕುಣಿಯುತ್ತಿತ್ತು. ನಿಮ್ಮ ಕಂಪ್ಯೂಟರಿಗೆ ಸಾವಿರದ ಎಂಟುನೂರು ರೋಗ ಇದೆ ಅಂತ ಇನ್ನೊಂದು ಕಡೆ ಕೆಂಪಗೆ ಮಿನುಗುತ್ತಿತ್ತು. ಡ್ರೈವರ್ ಮಾತ್ರ ಎಲ್ಲೂ ಇರಲಿಲ್ಲ. ಅವಳು ಚೀಲ ಕೈಯಲ್ಲೇ ಹಿಡಿದು ನೆಲದ ಮೇಲೆ ಕೂತುಬಿಟ್ಟಳು. ಅಲ್ತಾಫ್ ಶಾಲೆಯಿಂದಲೇ ಫೋನಿನಲ್ಲಿ ದಾರಿ ಹೇಳಿ ಒಂದೊಂದನ್ನೇ ತೆಗೆಸಿದ. ಸಾಯಂಕಾಲವಾಯಿತು. ಒಂದೊಂದು ಕಾರ್ಡಿಗೆ ಒಂದೊಂದು ಡ್ರೈವರು, ಮೊದಲು ನಿಮ್ಮ ಕಾರ್ಡು ಯಾವುದು ಅಂತ ಗೊತ್ತಾಗಬೇಕು, ನಾಳೆ ಬಿಡುವಾದಾಗ ಮನೆಗೇ ಫೋನು ಮಾಡುತ್ತೇನೆ ಅಂದ.

ದಾಕ್ಷಾಯಿಣಮ್ಮ ಮಗನಿಗೆ ಹೇಳಿದಳು. ಸಿಕ್ಕಿದ್ದಕ್ಕೆಲ್ಲ ಆಗಲಿ ಅನ್ನಬೇಡ. ನಾಳೆ ಅಲ್ತಾಫ್ ಕೇಳಿದಾಗ ಕಾರ್ಡು ನೋಡು. ಕಾರ್ಡಿನ ಮೇಲೆ ಏನು ಬರೆದಿದೆಯೋ ಅದನ್ನ ಒಂದಕ್ಷರ ಬಿಡದೆ ಓದು. ಮರುಳಸಿದ್ದ ಹೂಂ ಅಂದ.

ಶುಕ್ರವಾರ ಅವಳು ಪ್ರೆಸ್ಸಿಗೆ ಹೋಗಿ, ಒಂದೇ ಒಂದು ದಿನ ತಡೆಯಿರಿ ಅಂತ ಕೇಳಿಕೊಂಡು ಕೋರ್ಟಿಗೆ ಹೋದಳು. ಹನ್ನೊಂದಕ್ಕೆ ಮನೆಯ ಫೋನು ಬಡಿಯಿತು. ಕಾರ್ಡಿನ ಮೇಲೆ ಏನಿದೆ ಓದಪ್ಪ ಅಂದ ಅಲ್ತಾಫ್. ಮರುಳಸಿದ್ದ ಮೇಜಿನ ಮೇಲಿದ್ದ ಮದುವೆ ಕಾರ್ಡಿನ ಕರಡು ಕೈಗೆತ್ತಿಕೊಂಡು, ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಶ್ರೀ ಗುರವೇ ನಮಃ. ನಮ್ಮ ಜ್ಯೇಷ್ಠ ಪುತ್ರಿ ಚಿರಂಜೀವಿ ಸೌಭಾಗ್ಯವತಿ ಹೇಮಾವತಿಯ ವಿವಾಹವನ್ನು ಗುರುಹಿರಿಯರ ಸಮ್ಮುಖದಲ್ಲಿ. ಅದಲ್ಲ ಕಣೋ ಅಂತ ಅಲ್ತಾಫ್ ಎರಡು ಸಲ ಅಂದ. ಒಂದಕ್ಷರ ಬಿಡಬಾರದು ಅಂತ ಅಮ್ಮನ ಅಪ್ಪಣೆ, ಅವನು ನಿಲ್ಲಿಸಲಿಲ್ಲ. ಅಲ್ತಾಫನ ಎರಡೂ ಕೈಯಲ್ಲಿ ವೈರು ಇತ್ತು, ಫೋನನ್ನು ಸ್ಪೀಕರಿಗೆ ಹಾಕಿ ಬೆಂಚಿನ ಮೇಲಿಟ್ಟಿದ್ದ. ಹಾಗಾಗಿ ಶಾಲೆಯ ಮೇಷ್ಟರೂ ಕೂತು ಕೇಳಿದರು. ಚೆನ್ನಾಗಿ ಓದುತ್ತಾನಲ್ಲ ಅಂದರು. ಹದಿನಾಲ್ಕನೇ ತಾರೀಕು ಭಾನುವಾರ ಅಂತ ಮರುಳಸಿದ್ದ ಓದಿದಾಗ ಮೇಷ್ಟರು ತಲೆಯೆತ್ತಿ ಗೋಡೆಯ ಕ್ಯಾಲೆಂಡರು ನೋಡಿದರು.

"ಹದಿನಾಲ್ಕು ಶನಿವಾರ ಬರುತ್ತಲ್ಲ," ಅಂದರು.

ಅಲ್ತಾಫ್ ತಕ್ಷಣ ದಾಕ್ಷಾಯಿಣಮ್ಮನಿಗೆ ತಿಳಿಸಿದ. ಅವಳು ಅರ್ಧಕ್ಕೇ ಟೈಪಿಂಗ್ ಬಿಟ್ಟು ಮನೆಗೆ ಓಡಿಬಂದು ಲೋಕಮ್ಮ ಬರೆದುಕೊಟ್ಟ ಚೀಟಿ ತೆಗೆದು ನೋಡಿದಳು. ಹದಿನೈದು ಅಂತಲೇ ಇತ್ತು. ತಪ್ಪು ಅವಳದೇ. ಐನೂರು ಕಾರ್ಡು ಹಾಗೇ ಅಚ್ಚಾಗಿ ಊರೂರಿಗೆ ಹೋಗಿದ್ದರೆ ಲೋಕಮ್ಮ ಬದುಕುತ್ತಿರಲಿಲ್ಲ ಅನ್ನಿಸಿತು. ಮಗನ ಕಡೆ ನೋಡಿದಳು. ಅವನು ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತಿದ್ದ. ಅವನ ತಲೆಗೂದಲು ಒಂದು ಸಲ ನೇವರಿಸಿದಳು. ಆಮೇಲೆ ನೆನಪಾಗಿ ಬೈದಳು.

"ಅಲ್ತಾಫ್ ಕೇಳಿದ್ದು ಇದನ್ನಲ್ಲ. ಕಾರ್ಡು ಅಂದ್ರೆ ಕಾಗದದ್ದಲ್ಲ ಕಣೋ. ಪೆಟ್ಟಿಗೆ ಒಳಗೆ ಸ್ಕ್ರೂ ಹಾಕಿ ಕೂರಿಸಿರ್ತಾರೆ, ಫ್ಯಾನು ಇರುತ್ತೆ. ಇನ್ನು ಯಾರೇ ಕಾರ್ಡು ಅಂದ್ರೂ ಅದೇ ಅಂತ ತಿಳ್ಕೊ."

ಮರುಳಸಿದ್ದ ಹೂಂ ಅಂದ. ಅಲ್ತಾಫ್ ಫೋನಿನಲ್ಲಿ ಹೇಳುತ್ತ ಹೋದ, ತಾಯಿ ಮಗ ಇಬ್ಬರೂ ಕೂತು ಕರೆಂಟು ತೆಗೆದು, ಸ್ಕ್ರೂ ಬಿಚ್ಚಿ, ಕಾರ್ಡನ್ನು ಮೆಲ್ಲಗೆ ಎಳೆದು ಅದರ ಮೇಲಿನ ಹೆಸರು ಓದಿದರು. ತಿರುಗಿ ಕೂರಿಸಿದರು. ಮರುಳಸಿದ್ದ ಕಣ್ಣು ಮಿಟುಕಿಸದೆ ಪ್ರತಿಯೊಂದನ್ನೂ ನೋಡಿಕೊಂಡ. ಆ ಹೆಸರಿನ ಕಂಪನಿಯ ಪುಟದಿಂದಲೇ ಡ್ರೈವರು ಇಳಿಸಿದ್ದಾಯಿತು. ಪರದೆ ಒಂದು ಗಳಿಗೆ ಕಪ್ಪಾಯಿತು, ಆಮೇಲೆ ಅಕ್ಷರಗಳು ಸಾಸಿವೆಯ ಹಾಗೆ ಸಣ್ಣಗೆ, ಸ್ಪಷ್ಟವಾಗಿ ಮೂಡಿದವು. ಕೆಂಪು ಕೆಂಪಾಯಿತು. ತಾರೀಕು ತಿದ್ದಿ, ಬಣ್ಣ ತುಂಬಿ, ಬಳ್ಳಿ ಬಿಡಿಸಿ ಶನಿವಾರ ಬೆಳಗ್ಗೆ ತಾನೇ ಪ್ರೆಸ್ಸಿಗೆ ಹೋಗಿ ಕೊಟ್ಟು ಬಂದಳು. ಮಗನ ಕೈಲಿ ಕಳಿಸುವ ಧೈರ್ಯ ಬರಲಿಲ್ಲ.

ಬುಧವಾರ ಪ್ರೆಸ್ಸಿನವರು ಕಾರ್ಡಿನ ಕಟ್ಟು ಮನೆಗೆ ತಂದಿಟ್ಟು ಹೋದರು. ದಾಕ್ಷಾಯಿಣಮ್ಮ ಕೋರ್ಟಿನಲ್ಲಿದ್ದಳು. ಲೋಕಮ್ಮನಿಗೆ ಫೋನು ಮಾಡಿ ಬರಹೇಳಿದಳು. ಮಗನಿಗೂ ಫೋನು ಮಾಡಿ, ಮೊದಲ ಕಾರ್ಡು ದೇವರಿಗೆ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಹೂವಿಟ್ಟು ದೇವರ ಮುಂದೆ ಇಡು, ಲೋಕಮ್ಮ ಬಂದು ಕೈ ಮುಗೀಲಿ, ನಾನು ಬೇಗ ಬರ್ತೀನಿ ಅಂದಳು.

ಅವಳು ಬಂದಾಗ ದೇವರ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಲೋಕಮ್ಮ ಸೆರಗು ಹೊದ್ದು, ಕಣ್ಣು ಮುಚ್ಚಿ, ಕೈ ಜೋಡಿಸಿ ನಿಂತಿದ್ದಳು. ಕಾರ್ಡಿನ ಕಟ್ಟು ಬಿಚ್ಚದೆ ಹಾಗೇ ಮೂಲೆಯಲ್ಲಿತ್ತು. ಕಂಪ್ಯೂಟರಿನ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ದೇವರ ಮುಂದೆ ಬೆಳ್ಳಿ ತಟ್ಟೆಯಲ್ಲಿ ಗ್ರಾಫಿಕ್ಸ್ ಕಾರ್ಡು. ನಾಲ್ಕು ಮೂಲೆಗೂ ಹಸಿ ಅರಿಶಿನ, ಫ್ಯಾನಿನ ನಡುವೆ ಒಂದು ಕನಕಾಂಬರ.

ಲೋಕಮ್ಮ ಕಣ್ಣು ತೆರೆದು ದಾಕ್ಷಾಯಿಣಮ್ಮನ ಕೈ ಹಿಡಿದುಕೊಂಡಳು. ಈಗಿನ ಕಾಲದ ಕಾರ್ಡು ಹೀಗಿರುತ್ತೆ ಅಂತ ತನಗೆ ಗೊತ್ತೇ ಇರಲಿಲ್ಲ, ಎಷ್ಟು ಗಟ್ಟಿಯಾಗಿದೆ, ಈ ಸಲ ಮುರಿಯುವ ಮಾತೇ ಇಲ್ಲ ಅಂತ ಕಣ್ಣೊರೆಸಿಕೊಂಡಳು.

ದಾಕ್ಷಾಯಿಣಮ್ಮ ತಟ್ಟೆಯ ಕಡೆ ನೋಡಿದಳು. ಕಾರ್ಡಿನ ಅಡಿಯಿಂದ ನೀರು ಇಳಿದು ತಟ್ಟೆಯಲ್ಲಿ ನಿಂತಿತ್ತು.

"ಹಾಗೇ ಹಚ್ಚಲಿಲ್ಲಮ್ಮ," ಅಂದ ಮರುಳಸಿದ್ದ. "ದೇವರಿಗಲ್ವಾ? ಮೊದಲು ಸೀಗೆಪುಡಿ ಹಾಕಿ ಚೆನ್ನಾಗಿ ತೊಳೆದೆ."