ಪಾಯಕ್ಕ ಬಿಟ್ಟುಬಂದ ಕಟ್ಟು

ಕೇಳಿ ಮಕ್ಕಳೇ, ಇದು ನಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲದ್ದು. ಹೊಳೆದಂಡೆಯ ಒಂದೂರಲ್ಲಿ ಪಾಯಕ್ಕ ಅಂತ ಒಬ್ಬ ವೈದ್ಯೆ ಇದ್ದಳಂತೆ. ಊರ ಬಸದಿಯಲ್ಲಿ ವೈದ್ಯದ ತಾಳೆಗರಿ ಗ್ರಂಥಗಳನ್ನು ನೆಲದಿಂದ ಸೂರಿನವರೆಗೆ ಪೇರಿಸಿಟ್ಟಿದ್ದರಂತೆ. ಅಷ್ಟನ್ನೂ ಓದಿದವಳು ಅವಳೊಬ್ಬಳೇ. ಒಂದು ಗ್ರಂಥ ಇನ್ನೊಂದರ ಮಾತನ್ನು ಆಧಾರವಾಗಿ ಹಿಡಿದದ್ದು ಕಂಡರೆ, ಆ ಇನ್ನೊಂದರ ಕಟ್ಟಿನ ದಾರಕ್ಕೆ ಒಂದು ಗಂಟು ಹಾಕುವಳಂತೆ. ವರ್ಷಗಳು ಕಳೆದಂತೆ ಕೆಲವೇ ಕಟ್ಟುಗಳ ದಾರ ಗಂಟುಗಂಟಾಯಿತು. ಮಿಕ್ಕ ನೂರಾರರ ದಾರ ನುಣ್ಣಗೇ ಉಳಿಯಿತು.

ಒಂದು ಮಧ್ಯಾಹ್ನ ಮೂಡಲಲ್ಲಿ ಹೊಗೆ ಕಂಡಿತು. ದಂಡು ಬರುತ್ತಿದೆ, ಹಾದಿಯ ಊರುಗಳನ್ನೆಲ್ಲ ಸುಡುತ್ತಿದೆ ಅಂತ ಓಡಿಬಂದವರು ಹೇಳಿದರು. ಜನ ಹೊಳೆಗೆ ನುಗ್ಗಿದರು. ಗ್ರಂಥಗಳಿಗೆ ಸಿಕ್ಕಿದ್ದು ಒಂದೇ ಹರಿಗೋಲು.

"ಯಾವುದನ್ನ ಬಿಡ್ಲವ್ವಾ?" ಅಂತ ಅಂಬಿಗ ಸಾತಣ್ಣ ಕೇಳಿದ.

"ಗಂಟಿರೋದನ್ನ ಹೇರು. ಅವು ಉಳಿದ್ರೆ ವಿದ್ಯೆ ಉಳೀತದೆ" ಅಂದಳಂತೆ ಪಾಯಕ್ಕ. ಅನ್ನುವುದೇನೋ ಅಂದಳು, ಆದರೆ ಬಿಟ್ಟ ಕಟ್ಟುಗಳ ಕಡೆ ತಿರುಗಿ ನೋಡುವ ಧೈರ್ಯ ಬರಲಿಲ್ಲವಂತೆ.

ದಂಡು ಊರು ಮುಟ್ಟುವ ಮೊದಲೇ ಆಚೆ ದಡ ಸೇರಿದವರ ಮಕ್ಕಳಿಗೆ ಗಂಟಲುಬಾವು ಹತ್ತಿತು. ಉಸಿರು ಸಿಳ್ಳೆಯಂತೆ ಕೂಗುತ್ತಿತ್ತು. ಪಾಯಕ್ಕ ತಂದದ್ದನ್ನೆಲ್ಲ ಬಿಚ್ಚಿ ಹುಡುಕಿದಳು. ಜ್ವರಕ್ಕಿತ್ತು, ಹುಣ್ಣಿಗಿತ್ತು, ಇದಕ್ಕಿರಲಿಲ್ಲ. ಇದರ ಮದ್ದು ಇದ್ದದ್ದು ಒಂದು ಪುಟ್ಟ ಕಟ್ಟಿನಲ್ಲಿ ಮಾತ್ರ. ಅದನ್ನು ಬೇರೆ ಯಾವ ಗ್ರಂಥವೂ ನೆನೆದಿರಲಿಲ್ಲ; ಗಂಟಿಲ್ಲದೆ ಅದು ಬಸದಿಯಲ್ಲೇ ಉಳಿದಿತ್ತು. ಬೇರು ಯಾವುದೆಂದು ಅವಳಿಗೆ ನೆನಪಿತ್ತು. ಆದರೆ ಅದು ವಿಷದ ಬೇರು. ಎಷ್ಟು ತೇಯಬೇಕು ಅನ್ನುವುದು ಮರೆತಿತ್ತು.

"ಅಂದಾಜಿನ ಮೇಲೆ ಕೊಡು ತಾಯಿ" ಅಂತ ಹೆತ್ತವರು ಕಾಲಿಗೆ ಬಿದ್ದರು.

ಅವಳು ಕೊಡಲಿಲ್ಲ. "ಹರಿಗೋಲು ತಿರುಗಿಸು ಸಾತಣ್ಣ" ಅಂದಳಂತೆ.

ಊರ ದಡ ಸೇರುವಾಗ ಬಸದಿಯ ಸೂರು ಉರಿಯುತ್ತಿತ್ತು. ಬೀದಿಯಲ್ಲಿ ಕುದುರೆಗಳ ಸದ್ದು. ಸಾತಣ್ಣ ಜೊಂಡಿನ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತ. ಪಾಯಕ್ಕ ಹಿಂಬಾಗಿಲಿಂದ ತೆವಳಿ ಒಳಹೋದಳು. ಬಂದಾಗ ಕೂದಲು ಸುಟ್ಟು, ಅಂಗೈ ಬೊಬ್ಬೆಯೆದ್ದು, ಆ ಪುಟ್ಟ ಕಟ್ಟನ್ನು ಎದೆಗೆ ಒತ್ತಿಕೊಂಡಿದ್ದಳಂತೆ.

ಅವಳು ಆಚೆ ದಡ ಮುಟ್ಟುವಷ್ಟರಲ್ಲಿ ಎರಡು ಕೂಸು ಹೋಗಿದ್ದವು. ಗರಿ ನೋಡಿ ತೇಯ್ದ ಮದ್ದಿಗೆ ಉಳಿದವು ಬದುಕಿದವು. ಜನ ಕೈಮುಗಿದರು. ಆದರೆ ಎಲ್ಲಾದರೂ ಹೊಸ ಬೇನೆಯ ಸುದ್ದಿ ಬಂದರೆ ಸಾಯುವವರೆಗೂ ಅವಳು ಸುಟ್ಟ ಬಸದಿಯ ಕಡೆ ತಿರುಗಿ ನೋಡುತ್ತಿದ್ದಳಂತೆ. ಇದರ ಮದ್ದು ಆ ಬೂದಿಯಲ್ಲಿತ್ತೋ ಏನೋ ಅಂತ.

ಈಗಲೂ ಆ ಸೀಮೆಯಲ್ಲಿ ಶ್ರುತಪಂಚಮಿ ಹಬ್ಬದ ದಿನ ಗ್ರಂಥಗಳನ್ನು ಪೂಜಿಸುವ ಮೊದಲು, ಯಾರೂ ಮುಟ್ಟದ ಒಂದು ಕಟ್ಟನ್ನು ಕೆಳಗಿಳಿಸಿ, ಧೂಳು ಕೊಡವಿ, ಒಂದು ಗರಿ ಗಟ್ಟಿಯಾಗಿ ಓದುತ್ತಾರೆ. ಓದಿ ಮುಗಿಯುವವರೆಗೆ ಕೂಸು ಎತ್ತಿಕೊಂಡ ತಾಯಂದಿರು ಮುಂದೆ ನಿಂತು ಕೇಳುತ್ತಾರೆ.