ಪಾಯಸ ನಿಲ್ಲದ ನೆಲ

ಕಾಂತಮಣಿಯ ನಡುಮನೆಯ ಕಾಂಕ್ರೀಟ್ ನೆಲ ವರ್ಷ ತುಂಬುವ ಮೊದಲೇ ಬಿರಿದು ಒಂದು ಕಡೆ ಕುಸಿಯಿತು. ಅದನ್ನು ಹಾಕಿದ್ದ ಕಂಟ್ರಾಕ್ಟರ್ ಪುಟ್ಟಸ್ವಾಮಯ್ಯ ಬಂದು ನೋಡಿ, ಮೀಸೆ ತಿರುವಿದ.

"ಒಂಚೂರೂ ವಾಲಿಲ್ಲ ಕಣಮ್ಮ. ಕಿತ್ತು ಹೊಸದು ಹಾಕೋ ಮಾತೇ ಇಲ್ಲ."

"ಆಯ್ತು ಬಿಡಿ ಅಣ್ಣ, ಊಟ ಮಾಡ್ಕೊಂಡು ಹೋಗಿ" ಎಂದು ಅವಳು ಆ ಕುಸಿದ ಕಡೆಯೇ ಎಲೆ ಹಾಕಿದಳು.

ಸಾರು ಬಡಿಸಿದ್ದೇ ತಡ, ಹರಿದು ಅವನ ಬಿಳಿ ಪಂಚೆಗೆ ಇಳಿಯಿತು.

"ಎಲೆ ಸರಿಯಿಲ್ಲಮ್ಮ" ಎಂದ. ಎಲೆ ಬದಲಾಯಿಸಿದಳು.

ಆಮೇಲೆ ಬಂತು ಗಸಗಸೆ ಪಾಯಸ. ಅದೆಂದರೆ ಅವನಿಗೆ ಪ್ರಾಣ. ಕೈ ಹಾಕುವಷ್ಟರಲ್ಲಿ ಅದೂ ಮಡಿಲು ಸೇರಿತು.

"ಇನ್ನೊಂದು ಸೌಟು ಹಾಕಮ್ಮ!"

"ಹೊಸ ನೆಲ ಆಗ್ಲಿ ಅಣ್ಣ, ಬೇಕಾದಷ್ಟು ಬಡಿಸ್ತೀನಿ."

ಪುಟ್ಟಸ್ವಾಮಯ್ಯ ಎಡಗೈಯಲ್ಲೇ ಮೇಸ್ತ್ರಿಗೆ ಫೋನ್ ಮಾಡಿದ. "ನಾಳೆ ಬೆಳಿಗ್ಗೆನೇ ಬಂದು ಈ ನೆಲ ಕಿತ್ತಾಕು. ಹೊಸದಕ್ಕೆ ಮಟ್ಟ ನೋಡೋದು ಮರೀಬೇಡ!"

"ಮರೆತ್ರೂ ಪರವಾಗಿಲ್ಲ ಅಣ್ಣ" ಎಂದಳು ಕಾಂತಮಣಿ, "ನಿಮ್ಗೇ ಅಂತ ಇನ್ನೊಂದು ಎಲೆ ಎತ್ತಿಟ್ಟಿದ್ದೀನಿ."